ಬದನೆ ಗಿಡ ಕೈಕೊಟ್ಟಾಗ: ಔಷಧಿ ಹೊಡೆಯುವ ಮೊದಲು ಏನೇನು ನೋಡಬೇಕು

"ಬದನೆ ಗಿಡ ಬಾಡ್ತಾ ಇದೆ, ಏನು ಹೊಡೀಲಿ?" ಹಿತ್ತಲಲ್ಲೋ ತಾರಸಿಯಲ್ಲೋ ನಾಲ್ಕು ಬದನೆ ಗಿಡ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ಪಕ್ಕದ ಮನೆಯವರು ಬೇವಿನೆಣ್ಣೆ ಅನ್ನುತ್ತಾರೆ. ಗೊಬ್ಬರದ ಅಂಗಡಿಯವರು ಒಂದು ಬಾಟಲಿ ಕೊಡುತ್ತಾರೆ. ಎರಡನ್ನೂ ಹೊಡೆದ ಮೇಲೂ ಗಿಡ ಬಾಡುತ್ತಲೇ ಇರುತ್ತದೆ. ಯಾಕೆಂದರೆ ಬದನೆ ಬಾಡುವುದಕ್ಕೆ ಕಾರಣ ಒಂದಲ್ಲ. ಕುಡಿಯೊಳಗಿನ ಹುಳು, ಕಾಂಡದೊಳಗಿನ ಬ್ಯಾಕ್ಟೀರಿಯಾ, ಬೇರಿನ ಗಂಟು, ಮಣ್ಣಿನಲ್ಲಿ ನೀರು ಇಲ್ಲದಿರುವುದು, ನೀರು ಜಾಸ್ತಿ ನಿಂತಿರುವುದು, ಎಲ್ಲದರಲ್ಲೂ ಎಲೆ ಜೋತು ಬೀಳುತ್ತದೆ. ಮದ್ದು ಮಾತ್ರ ಬೇರೆ ಬೇರೆ.

ಹಾಗಾಗಿ ಮೊದಲು ಪತ್ತೆ, ಆಮೇಲೆ ಮದ್ದು. ಮನೆ ತೋಟದಲ್ಲಿ ಇದು ಕಷ್ಟವೇನಲ್ಲ. ಎಕರೆಗಟ್ಟಲೆ ಬೆಳೆಯುವ ರೈತರಿಗೆ ಒಂದೊಂದೇ ಗಿಡ ನೋಡುವ ಪುರುಸೊತ್ತು ಇರಲ್ಲ. ನಮಗೆ ಇರುವುದೇ ನಾಲ್ಕೋ ಹತ್ತೋ ಗಿಡ. ಬೇಕಾಗಿರುವುದು ಒಂದು ಹರಿತ ಬ್ಲೇಡು, ಒಂದು ಗಾಜಿನ ಲೋಟ, ಒಂದು ಬಿಳಿ ಹಾಳೆ, ಸಾಧ್ಯವಾದರೆ ಒಂದು ಭೂತಗನ್ನಡಿ.

ಮೊದಲ ನೋಟ

ಬೆಳಗ್ಗೆ ಬಿಸಿಲೇರುವ ಮೊದಲು ಗಿಡದ ಹತ್ತಿರ ಹೋಗಿ. ಮಧ್ಯಾಹ್ನ ನೋಡಿದರೆ ಮೋಸ ಹೋಗುತ್ತೀರಿ. ಬದನೆ ಎಲೆ ಅಗಲ, ಬಿಸಿಲಿಗೆ ನೀರು ಬೇಗ ಆರುತ್ತದೆ. ಆರೋಗ್ಯವಾಗಿರುವ ಗಿಡವೂ ಮಧ್ಯಾಹ್ನ ಎರಡು ಗಂಟೆಗೆ ಸೊರಗಿದಂತೆ ಕಾಣಿಸುತ್ತದೆ. ಬೆಳಗ್ಗೆ ಏಳಕ್ಕೂ ಅದು ಎದ್ದಿಲ್ಲ ಅಂದರೆ ಮಾತ್ರ ನಿಜವಾದ ತೊಂದರೆ.

ನಾಲ್ಕೈದು ಎಲೆಗಳನ್ನು ತಿರುಗಿಸಿ ಅಡಿಭಾಗ ನೋಡಿ. ಬದನೆಯ ಮುಕ್ಕಾಲು ಕಥೆ ಎಲೆಯ ಕೆಳಗೇ ಇರುತ್ತದೆ. ಬೆರಳನ್ನು ಮಣ್ಣಿಗೆ ಎರಡು ಇಂಚು ಇಳಿಸಿ, ಒದ್ದೆಯೋ ಒಣಗಿದೆಯೋ ನೋಡಿ. ಕುಂಡವಾದರೆ ಕೆಳಗಿನ ತೂತು ಕಟ್ಟಿಕೊಂಡಿಲ್ಲ ತಾನೇ? ಹೋದ ವಾರ ಏನು ಮಾಡಿದಿರಿ ಅಂತಲೂ ನೆನಪಿಸಿಕೊಳ್ಳಿ. ಗೊಬ್ಬರ ಹಾಕಿದಿರಾ, ಕುಂಡ ಜಾಗ ಬದಲಾಯಿಸಿದಿರಾ, ಏನಾದರೂ ಸಿಂಪಡಿಸಿದಿರಾ? ಗಿಡ ಅದಕ್ಕೇ ಮುನಿಸಿಕೊಂಡಿರಬಹುದು.

ಇನ್ನೊಂದು ಮಾತು. ಕೆಲವೊಮ್ಮೆ ದೋಷವೇ ಇರುವುದಿಲ್ಲ. "ಕಾಯಿ ನೇರಳೆ ಬರಲೇ ಇಲ್ಲ, ಹಸಿರಾಗೇ ಇದೆ" ಅನ್ನುವವರು ಮೊದಲು ತಳಿ ಯಾವುದು ಅಂತ ನೋಡಬೇಕು. ಉಡುಪಿಯ ಮಟ್ಟು ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅದು ತಿಳಿ ಹಸಿರು ಬಣ್ಣದ ಗುಂಡು ಕಾಯಿ. ಅರ್ಕಾ ಕುಸುಮಾಕರ್ ಅನ್ನುವ ತಳಿಯದೂ ಗೊಂಚಲಲ್ಲಿ ಬಿಡುವ ಹಸಿರು ಕಾಯಿ. ಇವು ನೇರಳೆಯಾಗಲಿ ಅಂತ ಕಾದರೆ ಬೀಜ ಬಲಿತು ಹಳದಿಯಾಗುತ್ತವೆ ಅಷ್ಟೇ. ಎಲೆಯ ಮೇಲೆ, ಕಾಯಿ ತೊಟ್ಟಿನ ಮೇಲೆ ಮುಳ್ಳು ಇರುವುದೂ ರೋಗವಲ್ಲ. ಎಣ್ಣೆಗಾಯಿಗೆ ಹೇಳಿ ಮಾಡಿಸಿದ ಎಷ್ಟೋ ನಾಟಿ ತಳಿಗಳಿಗೆ ಮುಳ್ಳಿದೆ.

ಬಾಡಿದೆ, ಆದರೆ ಎಲ್ಲಿ?

ತುದಿಯ ಕುಡಿ ಮಾತ್ರ ಜೋತು ಬಿದ್ದಿದೆ, ಕೆಳಗಿನ ಎಲೆಗಳೆಲ್ಲ ಚೆನ್ನಾಗಿವೆ. ಹೀಗಿದ್ದರೆ ಕುಡಿ ಮತ್ತು ಕಾಯಿ ಕೊರೆಯುವ ಹುಳುವಿನ ಮೇಲೆ ಅನುಮಾನ ಪಡಿ. ಖಚಿತ ಮಾಡಿಕೊಳ್ಳುವುದು ಸುಲಭ. ಬಾಡಿದ ಕುಡಿಯನ್ನು ಕತ್ತರಿಸಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ಸುರಂಗ, ಅದರೊಳಗೆ ಹಿಕ್ಕೆ, ಅದೃಷ್ಟ ಇದ್ದರೆ ತಿಳಿ ಗುಲಾಬಿ ಬಣ್ಣದ ಹುಳುವೂ ಕಾಣುತ್ತದೆ.

ಬದನೆ ಬೆಳೆಯುವವರು ಬೇರೇನನ್ನೂ ತಿಳಿಯದಿದ್ದರೂ ಈ ಹುಳುವಿನ ಬದುಕನ್ನು ತಿಳಿದುಕೊಳ್ಳಲೇಬೇಕು. ಬಿಳಿ ರೆಕ್ಕೆಯ ಮೇಲೆ ಕಂದು ಮಚ್ಚೆ ಇರುವ ಒಂದು ಪುಟ್ಟ ಪತಂಗ ರಾತ್ರಿ ಬಂದು ಎಲೆ, ಕುಡಿ, ಮೊಗ್ಗಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಮರಿ ಹುಳು ಹೊರಬಂದು ಸ್ವಲ್ಪ ಹೊತ್ತಿನಲ್ಲೇ ಕುಡಿಯೊಳಗೋ ಕಾಯೊಳಗೋ ನುಗ್ಗುತ್ತದೆ. ಒಳಗೆ ಹೋದ ಮೇಲೆ ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ನೀವು ಮೇಲಿನಿಂದ ಹೊಡೆಯುವ ಯಾವ ಎಣ್ಣೆಯೂ ಅದಕ್ಕೆ ತಾಗುವುದಿಲ್ಲ. ಬೆಳೆದ ಮೇಲೆ ಹೊರಬಂದು ಉದುರಿದ ಎಲೆ, ಕಸ, ಮಣ್ಣಿನ ಮೇಲ್ಪದರದಲ್ಲಿ ಗೂಡು ಕಟ್ಟಿ ಮತ್ತೆ ಪತಂಗವಾಗುತ್ತದೆ. ನಮ್ಮ ಹವೆಯಲ್ಲಿ ಈ ಸುತ್ತು ಮುಗಿಯಲು ಸುಮಾರು ಒಂದು ತಿಂಗಳು ಸಾಕು. ಬಿಟಿ ಬದನೆ ಅನ್ನುವ ಕುಲಾಂತರಿ ತಳಿಯನ್ನು ತಯಾರಿಸಿದ್ದೇ ಈ ಒಂದು ಹುಳುವಿಗಾಗಿ. 2010ರ ಫೆಬ್ರವರಿಯಲ್ಲಿ ನಮ್ಮ ದೇಶ ಅದಕ್ಕೆ ತಡೆ ಹಾಕಿತು. ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಹುಳು ಎಷ್ಟು ಹಠಮಾರಿ ಅನ್ನುವುದು ಇದರಲ್ಲೇ ಗೊತ್ತಾಗುತ್ತೆ, ಅಲ್ವಾ?

ಮನೆ ತೋಟದಲ್ಲಿ ಅದನ್ನು ಗೆಲ್ಲುವ ಅಸ್ತ್ರ ಕತ್ತರಿ. ಬಾಡಿದ ಕುಡಿ ಕಂಡ ದಿನವೇ, ಬಾಡಿದ ಜಾಗಕ್ಕಿಂತ ಒಂದಿಂಚು ಕೆಳಗೆ ಕತ್ತರಿಸಿ. ಕತ್ತರಿಸಿದ ಕಾಂಡದಲ್ಲಿ ಇನ್ನೂ ಸುರಂಗ ಕಾಣಿಸಿದರೆ ಮತ್ತಷ್ಟು ಕೆಳಗೆ ಹೋಗಿ. ಆ ಕುಡಿಯನ್ನು ಗಿಡದ ಬುಡಕ್ಕೆ ಬಿಸಾಡಬೇಡಿ, ಕಾಂಪೋಸ್ಟ್ ಡಬ್ಬಿಗೂ ಹಾಕಬೇಡಿ. ಹುಳು ಅಲ್ಲೇ ಬೆಳೆದು ಪತಂಗವಾಗುತ್ತೆ. ಜಜ್ಜಿ ಹಾಕಿ, ಅಥವಾ ಸೋಪು ನೀರಿನಲ್ಲಿ ಮುಳುಗಿಸಿಡಿ. ವಾರಕ್ಕೆ ಎರಡು ಸಲ ಇದನ್ನು ಬಿಡದೆ ಮಾಡಿದರೆ ಕಾಯಿಗೆ ಬೀಳುವ ಹುಳು ಎದ್ದು ಕಾಣುವಷ್ಟು ಇಳಿಯುತ್ತದೆ, ಯಾಕೆಂದರೆ ಕಾಯಿ ಕಚ್ಚುವ ಮುಂಚೆ ಇವು ಬೆಳೆಯುವುದೇ ಕುಡಿಯಲ್ಲಿ. ಕತ್ತರಿಸಿದ ಕೆಳಗಿನಿಂದ ಎರಡು ಹೊಸ ಕವಲು ಬರುತ್ತವೆ, ಗಿಡಕ್ಕೆ ನಷ್ಟವೇನೂ ಇಲ್ಲ. ಜೊತೆಗೆ ಈ ಪತಂಗಕ್ಕೆಂದೇ ಸಿಗುವ ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಂಥ ಲ್ಯೂರ್ ಇಟ್ಟು ಗಂಡನ್ನು ಸೆಳೆಯುವ ಬಲೆ) ಒಂದು ತೂಗುಹಾಕಿದರೆ ಗಂಡು ಪತಂಗಗಳು ಅದರಲ್ಲಿ ಬೀಳುತ್ತವೆ. ಅಂಗಡಿಯಲ್ಲಿ ಕೇಳುವಾಗ ಬದನೆ ಕಾಯಿಕೊರಕದ್ದು ಅಂತ ಹೇಳಿಯೇ ತನ್ನಿ. ಬೇರೆ ಹುಳುವಿನ ಲ್ಯೂರ್ ತಂದರೆ ಪ್ರಯೋಜನವಿಲ್ಲ.

ಒಂದು ಕೊಂಬೆ ಪೂರ್ತಿ ಬಾಡಿದೆ, ಉಳಿದ ಗಿಡ ಸರಿಯಿದೆ ಅಂದರೆ ಆ ಕೊಂಬೆ ಕಾಂಡಕ್ಕೆ ಸೇರುವ ಜಾಗ ನೋಡಿ. ಮರದ ಹೊಟ್ಟಿನಂಥ ಪುಡಿ ಇದ್ದರೆ ಕಾಂಡ ಕೊರಕ. ಇದು ಹಳೆಯ ಗಿಡಗಳಿಗೆ, ಸವರಿ ಮತ್ತೆ ಚಿಗುರಲು ಬಿಟ್ಟ ಕೂಳೆ ಗಿಡಗಳಿಗೆ ಜಾಸ್ತಿ. ಕೊಂಬೆ ತೆಗೆದುಬಿಡಿ.

ಇಡೀ ಗಿಡ ಮಧ್ಯಾಹ್ನ ಬಾಡಿ ಸಂಜೆ ಏಳುತ್ತಿದೆಯಾ? ಮಣ್ಣು ಒಣಗಿದ್ದರೆ ಬಾಯಾರಿಕೆ. ಕುಂಡ ಚಿಕ್ಕದಾದರೆ ಇದು ದಿನಾ ಆಗುತ್ತದೆ. ಬದನೆಗೆ ಕನಿಷ್ಠ ಹದಿನೈದರಿಂದ ಇಪ್ಪತ್ತು ಲೀಟರ್ ಮಣ್ಣು ಹಿಡಿಯುವ ಕುಂಡ ಬೇಕು, ಆಳ ಒಂದಡಿಗೆ ಕಡಿಮೆ ಇರಬಾರದು. ಹಳೆಯ ಬಕೆಟ್ ಆದರೂ ಸರಿ. ಒಣಗಿದ ಎಲೆ, ತೆಂಗಿನ ನಾರು, ಕಬ್ಬಿನ ರವದಿ ಏನಾದರೂ ಬುಡಕ್ಕೆ ಹೊದಿಸಿ.

ಮಣ್ಣು ಒದ್ದೆಯಾಗಿದ್ದೂ ಬಾಡುತ್ತಿದ್ದರೆ ಇನ್ನಷ್ಟು ನೀರು ಹಾಕಬೇಡಿ. ತಾರಸಿ ತೋಟಗಳಲ್ಲಿ ನಾನು ಅತಿ ಹೆಚ್ಚು ನೋಡುವ ದೋಷ ಇದು. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಮಿಶ್ರಣ ಮೇಲೆ ಒಣಗಿದಂತೆ ಕಾಣುತ್ತದೆ, ಕೆಳಗೆ ನೀರು ಹಿಡಿದುಕೊಂಡಿರುತ್ತದೆ. ಮೇಲ್ಮಣ್ಣು ನೋಡಿ ನೀರು ಹಾಕುತ್ತಾ ಹೋದರೆ ಕೆಳಗಿನ ಬೇರು ಉಸಿರಾಡದೆ ಕೊಳೆಯುತ್ತದೆ. ಬೇರು ಕೊಳೆತರೆ ನೀರು ಹೀರಲು ಆಗಲ್ಲ, ಗಿಡ ಬಾಡುತ್ತದೆ, ನೀವು ಇನ್ನಷ್ಟು ನೀರು ಹಾಕುತ್ತೀರಿ. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಡಿ, ತೂತು ಬಿಡಿಸಿ, ಮೇಲೆ ಮಾತ್ರವಲ್ಲ ಒಳಗೂ ಒಣಗಿದ ಮೇಲೆ ನೀರು ಕೊಡಿ.

ಈಗ ಭಯಪಡಬೇಕಾದದ್ದು. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಪೂರ್ತಿ ಬಾಡಿದೆ, ಎಲೆ ಇನ್ನೂ ಹಸಿರಾಗೇ ಇದೆ, ರಾತ್ರಿ ಕಳೆದರೂ ಏಳಲಿಲ್ಲ. ಇದು ಬ್ಯಾಕ್ಟೀರಿಯಾ ಸೊರಗು ರೋಗ ಇರಬಹುದು. ರಾಲ್ಸ್ಟೋನಿಯಾ ಅನ್ನುವ ಬ್ಯಾಕ್ಟೀರಿಯಾ ಬೇರಿನಿಂದ ಒಳಗೆ ನುಗ್ಗಿ, ಕಾಂಡದಲ್ಲಿ ನೀರು ಹರಿಯುವ ನಾಳಗಳನ್ನೇ ಕಟ್ಟಿಹಾಕುತ್ತದೆ. ಕರಾವಳಿ, ಮಲೆನಾಡಿನ ಹುಳಿ ಮಣ್ಣು, ಬೆಚ್ಚಗಿನ ತೇವದ ಹವೆ ಇದಕ್ಕೆ ತುಂಬಾ ಹಿತ.

ಗಾಜಿನ ಲೋಟ ಬೇಕಾಗುವುದು ಇಲ್ಲಿ. ಬಾಡಿದ ಗಿಡದ ಬುಡದ ಹತ್ತಿರ ಎರಡು ಮೂರು ಇಂಚಿನ ಕಾಂಡದ ತುಂಡು ಕತ್ತರಿಸಿ. ತಿಳಿ ನೀರು ತುಂಬಿದ ಲೋಟದಲ್ಲಿ ಅದರ ಕೆಳತುದಿ ಮುಳುಗುವಂತೆ, ಅಲುಗಾಡದಂತೆ ಹಿಡಿದಿಡಿ. ಬ್ಯಾಕ್ಟೀರಿಯಾ ಇದ್ದರೆ ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಬಣ್ಣದ ಎಳೆ ಕೆಳಕ್ಕೆ ಇಳಿಯುತ್ತದೆ. ನೀರು ತಿಳಿಯಾಗೇ ಉಳಿದರೆ ಕಾರಣ ಬೇರೆ ಹುಡುಕಿ.

ಎಳೆ ಕಂಡಿತೆಂದರೆ ಆ ಗಿಡ ಉಳಿಯಲ್ಲ. ಯಾವ ಔಷಧಿಗೂ ದುಡ್ಡು ಹಾಕಬೇಡಿ. ಬೇರು ಸಮೇತ ಕಿತ್ತು ಸುಟ್ಟುಹಾಕಿ ಅಥವಾ ತೋಟದಿಂದ ಹೊರಗೆ ಸಾಗಿಸಿ. ಕುಂಡದ ಮಣ್ಣನ್ನು ಬೇರೆ ಕುಂಡಕ್ಕೆ ಸೇರಿಸಬೇಡಿ, ಬ್ಲೇಡು ಸಲಿಕೆ ತೊಳೆಯಿರಿ. ಈ ಬ್ಯಾಕ್ಟೀರಿಯಾ ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಹರಿಯುವ ನೀರಿನ ಜೊತೆ ಪಕ್ಕದ ಗಿಡಕ್ಕೂ ಹೋಗುತ್ತದೆ. ಆ ಜಾಗದಲ್ಲಿ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆಯನ್ನೂ ಹಾಕಬಾರದು, ಎಲ್ಲವೂ ಒಂದೇ ಕುಟುಂಬ. ಮುಂದಿನ ಸಲಕ್ಕೆ ಎರಡು ದಾರಿ ಇವೆ. ಒಂದು, ರೋಗ ತಡೆಯುವ ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ್, ಹೈಬ್ರಿಡ್ ಬೇಕಾದರೆ ಅರ್ಕಾ ಆನಂದ್, ಇವೆಲ್ಲ ಸೊರಗು ರೋಗವನ್ನು ತಡೆಯುವಂಥವು. ಇನ್ನೊಂದು, ಕಾಡು ಸುಂಡೆಯ ಬೇರಿನ ಮೇಲೆ ಕಸಿ ಕಟ್ಟಿದ ಸಸಿ. ನಿಮಗೆ ಊರಿನ ತಳಿಯ ರುಚಿಯೇ ಬೇಕು, ಮಣ್ಣಲ್ಲಿ ರೋಗವೂ ಇದೆ ಅಂದರೆ ಕಸಿಯೇ ಒಳ್ಳೆಯದು. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೇ ಇರಲಿ. ಗಂಟಿನ ಕೆಳಗಿಂದ ಸುಂಡೆ ಚಿಗುರು ಬಂದರೆ ಆಗಾಗ ಚಿವುಟಿ.

ಗಿಡ ನಿಧಾನವಾಗಿ ಕುಗ್ಗುತ್ತಿದ್ದರೆ, ಗೊಬ್ಬರ ಹಾಕಿದರೂ ಏಳದಿದ್ದರೆ, ತೀರಾ ಕೆಟ್ಟಿರುವ ಒಂದು ಗಿಡವನ್ನು ಕಿತ್ತು ಬೇರು ತೊಳೆದು ನೋಡಿ. ಬೇರಿನ ತುಂಬ ಸಣ್ಣ ದೊಡ್ಡ ಗಂಟು ಇದ್ದರೆ ಗಂಟುಬೇರು ಜಂತುಹುಳು. ಕಣ್ಣಿಗೆ ಕಾಣದ ಈ ಹುಳು ಬೇರಿನೊಳಗೆ ಮನೆ ಮಾಡಿರುತ್ತದೆ. ಮಣ್ಣಿಗೆ ಬೇವಿನ ಹಿಂಡಿ ಸೇರಿಸಿ, ಮುಂದಿನ ಬೆಳೆಯಾಗಿ ಚೆಂಡು ಹೂವು ಹಾಕಿ. ಗಂಟಿಲ್ಲ, ಆದರೆ ಬೇರುಗಳೇ ಇಲ್ಲ, ಯಾರೋ ತಿಂದಿದ್ದಾರೆ ಅಂದರೆ ಎಲೆಯ ಅಂಚು ನೋಡಿ. ಅಂಚಿನಲ್ಲಿ ಅಲ್ಲಲ್ಲಿ ಕಚ್ಚಿದ ಗುರುತಿದ್ದರೆ ಬೂದು ಬಣ್ಣದ ಮೂತಿ ದುಂಬಿ. ಅದು ಎಲೆ ತಿನ್ನುವುದರಿಂದ ದೊಡ್ಡ ನಷ್ಟವಿಲ್ಲ, ಅದರ ಮರಿಗಳು ಮಣ್ಣಲ್ಲಿ ಬೇರು ತಿನ್ನುವುದೇ ಗಿಡಕ್ಕೆ ಮುಳುವು. ಬೆಳಗ್ಗೆ ಗಿಡದ ಕೆಳಗೆ ಬಟ್ಟೆ ಹಾಸಿ ಗಿಡ ಅಲುಗಾಡಿಸಿದರೆ ದುಂಬಿಗಳು ಉದುರುತ್ತವೆ, ಹಿಡಿದು ಸೋಪು ನೀರಿಗೆ ಹಾಕಿ. ಮಣ್ಣಿಗೆ ಮೆಟಾರೈಜಿಯಂ ಅನ್ನುವ, ಹುಳುವನ್ನು ಕೊಲ್ಲುವ ಶಿಲೀಂಧ್ರದ ಪುಡಿಯನ್ನು ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಹಾಕಬಹುದು.

ಹೂವು ಬರುತ್ತೆ, ಕಾಯಿ ನಿಲ್ಲಲ್ಲ

ಇದು ಎರಡನೇ ದೊಡ್ಡ ದೂರು. ಇಲ್ಲಿಯೂ ಮೊದಲು ಹೂವನ್ನೇ ನೋಡಬೇಕು.

ಬದನೆ ಹೂವಿನ ನಡುವೆ ಹಳದಿ ಕೇಸರಗಳ, ಅಂದರೆ ಪರಾಗ ಇರುವ ಗಂಡು ಭಾಗಗಳ, ಗುಂಪು ಇರುತ್ತದೆ. ಅದರ ಮಧ್ಯದಿಂದ ಹಸಿರು ಶಲಾಕೆಯ (ಪರಾಗ ಹಿಡಿಯುವ ಹೆಣ್ಣು ಭಾಗದ ಕಡ್ಡಿ) ತುದಿ ಹೊರಗೆ ಚಾಚಿದ್ದರೆ ಆ ಹೂವು ಕಾಯಿ ಕಟ್ಟಬಲ್ಲದು. ತುದಿ ಕೇಸರದ ಒಳಗೇ ಅಡಗಿದ್ದರೆ ಅದು ಗಿಡ್ಡ ಶಲಾಕೆಯ ಹೂವು. ಅದು ಕಾಯಿ ಕಟ್ಟುವುದಿಲ್ಲ, ಉದುರಲೇಬೇಕು. ಒಂದೇ ಗೊಂಚಲಲ್ಲಿ ಬುಡದ ಹೂವು ಸಾಮಾನ್ಯವಾಗಿ ಉದ್ದ ಶಲಾಕೆಯದು, ಅದರ ಮುಂದಿನವು ಗಿಡ್ಡ. ಹಾಗಾಗಿ ಗೊಂಚಲಿಗೆ ಒಂದು ಕಾಯಿ ನಿಂತು ಮಿಕ್ಕವು ಉದುರಿದರೆ ಗಿಡದ ತಪ್ಪೇನೂ ಇಲ್ಲ. ಗಿಡದ ತುಂಬ ಗಿಡ್ಡ ಶಲಾಕೆಯ ಹೂವೇ ಇದ್ದರೆ ಮಾತ್ರ ಗಿಡ ಹಸಿದಿದೆ, ಬಿಸಿಲಿಗೆ ಬಳಲಿದೆ ಅಥವಾ ಆಗಲೇ ಹೊತ್ತಿರುವ ಕಾಯಿಗಳ ಭಾರಕ್ಕೆ ಸುಸ್ತಾಗಿದೆ ಅಂತ ಅರ್ಥ. ಬಲಿತ ಕಾಯಿಗಳನ್ನು ಕೂಡಲೇ ಕಿತ್ತು, ಎರೆಗೊಬ್ಬರ ಕೊಟ್ಟು ನೋಡಿ.

ಉದ್ದ ಶಲಾಕೆಯ ಹೂವೂ ಉದುರುತ್ತಿದ್ದರೆ ಪರಾಗ ತಲುಪುತ್ತಿಲ್ಲ. ಬದನೆಯ ಕೇಸರ ಬೇರೆ ಹೂವಿನ ಹಾಗೆ ಬಿರಿಯುವುದಿಲ್ಲ. ಅದರ ತುದಿಯಲ್ಲಿ ಸಣ್ಣ ತೂತು ಮಾತ್ರ ಇರುತ್ತದೆ. ಹೂವು ನಡುಗಿದಾಗ ಪರಾಗ ಆ ತೂತಿನಿಂದ ಹೊರಗೆ ಉದುರುತ್ತದೆ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ, ನೀಲಿ ಪಟ್ಟೆಯ ಜೇನು ಇಂಥವು ಹೂವನ್ನು ತಬ್ಬಿ ಝೇಂಕರಿಸಿ ಪರಾಗ ಉದುರಿಸುತ್ತವೆ. ನಮ್ಮ ತುಡುವೆ ಜೇನಿಗೆ ಈ ಕಲೆ ಬರುವುದಿಲ್ಲ. ತಾರಸಿಯಲ್ಲಿ ಜೇನು ಓಡಾಡುತ್ತಿದ್ದರೂ ಬದನೆ ಕಾಯಿ ಕಟ್ಟದಿರುವುದಕ್ಕೆ ಇದೂ ಒಂದು ಕಾರಣ. ಐದನೇ ಮಹಡಿಯ ಬಾಲ್ಕನಿಗೆ ಕಪ್ಪು ದುಂಬಿ ಬರುವುದು ಅಪರೂಪ. ಗಾಳಿಗೂ ಸ್ವಲ್ಪ ಪರಾಗ ಉದುರುತ್ತದೆ, ಗಾಳಿಯಿಲ್ಲದ ಮೂಲೆಯಲ್ಲಿ ಅದೂ ಇಲ್ಲ.

ಪರಿಹಾರ ನಿಮ್ಮ ಬೆರಳಲ್ಲೇ ಇದೆ. ಬೆಳಗ್ಗೆ ಹೂವು ಅರಳಿದ ಮೇಲೆ ಅದರ ತೊಟ್ಟನ್ನು ಬೆರಳಿಂದ ಮೆಲ್ಲಗೆ ಎರಡು ಮೂರು ಸಲ ತಟ್ಟಿ. ಬ್ಯಾಟರಿಯ ಹಲ್ಲುಜ್ಜುವ ಬ್ರಷ್ ಇದ್ದರೆ ಅದರ ಹಿಂಭಾಗವನ್ನು ತೊಟ್ಟಿಗೆ ಒಂದು ಕ್ಷಣ ತಾಗಿಸಿ. ಒಂದು ಹೂವು ಎರಡು ಮೂರು ದಿನ ಅರಳಿರುತ್ತದೆ, ದಿನಾ ಬೆಳಗ್ಗೆ ಒಮ್ಮೆ ತಟ್ಟಿದರೆ ಸಾಕು. ಹುಳುವಿಗೆ ಹೆದರಿ ಗಿಡಕ್ಕೆ ಪೂರ್ತಿ ಬಲೆ ಹೊದಿಸಿದವರು ಈ ಕೆಲಸವನ್ನು ತಪ್ಪಿಸುವಂತಿಲ್ಲ.

ಬಿಸಿಲು ಇನ್ನೊಂದು ಕಾರಣ. ಉಷ್ಣತೆ 35 ಡಿಗ್ರಿ ದಾಟಿದರೆ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೂವು ಉದುರಿದರೆ ತಲೆ ಕೆಡಿಸಿಕೊಳ್ಳಬೇಡಿ. ಮಧ್ಯಾಹ್ನದ ಹೊತ್ತಿಗೆ ನೆರಳು ಬಲೆ ಕಟ್ಟಿ, ಬುಡ ತಂಪಾಗಿಡಿ. ಮೊದಲ ಮಳೆ ಬಿದ್ದ ಮೇಲೆ ಅದೇ ಗಿಡ ಕಾಯಿ ಕಟ್ಟುತ್ತದೆ. ಇನ್ನೊಂದು ತುದಿಯಲ್ಲಿ ನೆರಳಿನ ಗಿಡಗಳು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಕಡೆ ಬದನೆ ಉದ್ದುದ್ದ ಬೆಳೆಯುತ್ತದೆ, ಕಾಯಿ ಕೊಡಲ್ಲ.

ಗಿಡ ದಟ್ಟ ಹಸಿರು, ಎಲೆ ಅಂಗೈ ಅಗಲ, ಹೂವೇ ಇಲ್ಲ ಅಂದರೆ ಸಾರಜನಕ ಜಾಸ್ತಿಯಾಗಿದೆ. ಯೂರಿಯಾ ಹಾಕಿದವರಿಗಷ್ಟೇ ಅಲ್ಲ, ಕಡಲೆ ಹಿಂಡಿ ನೆನೆಸಿದ ನೀರನ್ನು ವಾರವಾರವೂ ಸುರಿಯುವವರಿಗೂ ಇದು ಆಗುತ್ತದೆ. ಮೂರು ವಾರ ಏನೂ ಹಾಕದೆ ಸುಮ್ನೆ ಬಿಡಿ.

ಎಲೆ ನೋಡಿ ಹೇಳುವುದು

ಎಲೆಯ ನರ ಮಾತ್ರ ಉಳಿದು ನಡುವಿನ ಹಸಿರನ್ನು ಕೆರೆದು ತಿಂದಿದ್ದರೆ, ಎಲೆ ಜರಡಿಯ ಹಾಗೆ ಕಾಣುತ್ತಿದ್ದರೆ, ಚುಕ್ಕೆ ದುಂಬಿಯ ಕೆಲಸ. ತಾಮ್ರದ ಬಣ್ಣದ ಮೈ ಮೇಲೆ 28 ಕಪ್ಪು ಚುಕ್ಕೆ. ಇದನ್ನು ಗುಲಗಂಜಿ ಹುಳು ಅಂತ ತಪ್ಪು ತಿಳಿದು ಬಿಟ್ಟುಬಿಡುವವರಿದ್ದಾರೆ. ಅದಕ್ಕಿಂತ ಬೇಸರದ ವಿಷಯ ಅಂದರೆ ಗುಲಗಂಜಿ ಹುಳುವನ್ನೇ ಇದು ಅಂತ ಕೊಲ್ಲುವವರೂ ಇದ್ದಾರೆ. ಗಿಡದ ಹೇನು ತಿನ್ನುವ ಗುಲಗಂಜಿ ಹುಳುವಿನ ಬೆನ್ನು ಹೊಳೆಯುತ್ತದೆ. ಎಲೆ ತಿನ್ನುವ ಚುಕ್ಕೆ ದುಂಬಿಯ ಬೆನ್ನು ಮಂಕು, ಭೂತಗನ್ನಡಿಯಲ್ಲಿ ಸಣ್ಣ ರೋಮ ಕಾಣುತ್ತದೆ. ಎಲೆಯಡಿ ಹಳದಿ ಮೊಟ್ಟೆಗಳು ಗುಂಪಾಗಿ ನೆಟ್ಟಗೆ ನಿಂತಿರುತ್ತವೆ. ಮರಿಗಳು ಹಳದಿ, ಮೈ ತುಂಬ ಮುಳ್ಳು. ಆದರೆ ಗುಲಗಂಜಿ ಹುಳುವೂ ಹಳದಿ ಮೊಟ್ಟೆಯನ್ನು ಗುಂಪಾಗಿಯೇ ಇಡುತ್ತದೆ. ಹಾಗಾಗಿ ಸುತ್ತಲಿನ ಎಲೆ ಕೆರೆದಿದೆಯಾ, ಅಲ್ಲಿ ಹೇನು ಇದೆಯಾ ಅಂತ ನೋಡಿ ತೀರ್ಮಾನಿಸಿ. ಚುಕ್ಕೆ ದುಂಬಿಯದೇ ಆದರೆ ಕೈಯಿಂದ ಉಜ್ಜಿ ತೆಗೆಯುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಎಲೆಯಂಚು ಮೇಲಕ್ಕೆ ಮುದುರಿ, ಹಳದಿಯಾಗಿ, ಆಮೇಲೆ ಕಂದಾಗಿ ಸುಟ್ಟಂತಾದರೆ ಜಿಗಿಹುಳು. ಎಲೆ ತಿರುಗಿಸಿದಾಗ ತಿಳಿ ಹಸಿರಿನ ಪುಟ್ಟ ಹುಳುಗಳು ಅಡ್ಡಡ್ಡ ಓಡುತ್ತವೆ. ಎಲೆ ತುಂಬ ಸಣ್ಣ ಬಿಳಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ ಇದ್ದರೆ ಕೆಂಪು ಜೇಡ ನುಸಿ. ಬಿಳಿ ಹಾಳೆ ಹಿಡಿದು ಎಲೆಯನ್ನು ತಟ್ಟಿ. ಉದುರಿದ ಚುಕ್ಕೆಗಳು ಮೆಲ್ಲಗೆ ನಡೆಯತೊಡಗಿದರೆ ನುಸಿಯೇ. ಇದು ಒಣ ಬೇಸಿಗೆಯ ಕಾಟ. ಎಲೆಯಡಿಗೆ ಜೋರಾಗಿ ನೀರು ಹೊಡೆದರೆ ಬಹಳಷ್ಟು ತೊಳೆದು ಹೋಗುತ್ತದೆ. ಹೇನು, ಹಿಟ್ಟು ತಿಗಣೆ, ಬಿಳಿ ನೊಣ ಕಣ್ಣಿಗೇ ಕಾಣುತ್ತವೆ. ಎಲೆ ಮೇಲೆ ಅಂಟು, ಕಪ್ಪು ಮಸಿ, ಇರುವೆ ಸಾಲು ಕಂಡರೆ ಇವುಗಳಲ್ಲಿ ಒಂದು ಇದ್ದೇ ಇದೆ. ಇರುವೆ ಇವನ್ನು ಕಾಯುತ್ತದೆ. ಆದ್ದರಿಂದ ಇರುವೆ ಹತ್ತದಂತೆ ಮಾಡುವುದು ಅರ್ಧ ಕೆಲಸ.

ಹಳೆಯ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಇದ್ದರೆ ಮೆಗ್ನೀಸಿಯಂ ಕೊರತೆ. ಲೀಟರಿಗೆ ಐದು ಗ್ರಾಂ ಎಪ್ಸಂ ಉಪ್ಪು ಕರಗಿಸಿ ಸಿಂಪಡಿಸಿ. ಅದೇ ಲಕ್ಷಣ ಹೊಸ ಚಿಗುರಿನಲ್ಲಿ ಕಂಡರೆ ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಕುಡಿದ ಕುಂಡದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮಳೆ ನೀರು ಹಿಡಿದಿಟ್ಟು ಹಾಕಿ, ಬೂದಿ ಸುರಿಯುವುದನ್ನು ನಿಲ್ಲಿಸಿ.

ಒಂದು ರೋಗವನ್ನು ಮಾತ್ರ ನೋಡಿದ ದಿನವೇ ಗುರುತಿಸಬೇಕು. ಎಲೆಗಳು ಕಿರುಬೆರಳಿನಷ್ಟು ಸಣ್ಣದಾಗಿ, ಒತ್ತೊತ್ತಾಗಿ ಚಿಗುರಿ, ಗಿಡ ಪೊದೆಯಾಗುತ್ತದೆ. ಹೂವಿನ ಜಾಗದಲ್ಲೂ ಎಲೆಯಂಥದ್ದೇ ಬರುತ್ತದೆ. ಗಿಡ ಹಸಿರಾಗೇ ಇರುವುದರಿಂದ ಜನ ಇದನ್ನು ತಿಂಗಳುಗಟ್ಟಲೆ ಸಾಕುತ್ತಾರೆ. ಇದು ಸಣ್ಣ ಎಲೆ ರೋಗ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ, ಒಂದು ಜಾತಿಯ ಜಿಗಿಹುಳು ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ. ವಾಸಿಯಾಗಲ್ಲ, ಕಾಯಿ ಬರಲ್ಲ. ಮನಸ್ಸು ಗಟ್ಟಿ ಮಾಡಿ ಕಿತ್ತುಹಾಕಿ. ಪಕ್ಕದ ಗಿಡ ಉಳಿಯುವುದು ಇದರಿಂದಲೇ.

ಕಾಯಿಯ ದೋಷಗಳು

ಕಾಯಲ್ಲಿ ದುಂಡನೆಯ ತೂತು ಕಂಡರೆ ಹುಳು ಒಳಗಿದೆ ಅಂದುಕೊಳ್ಳುತ್ತೇವೆ. ನಿಜದಲ್ಲಿ ಆ ದೊಡ್ಡ ತೂತು ಹುಳು ತಿಂದು ಮುಗಿಸಿ ಹೊರಬಂದ ದಾರಿ. ಒಳಗೆ ಹೋದ ತೂತು ಅತಿ ಸಣ್ಣದು, ಎಷ್ಟೋ ಸಲ ತೊಟ್ಟಿನ ಹಸಿರು ಟೋಪಿಯ ಅಡಿಯಲ್ಲೇ ಇರುತ್ತದೆ, ಹೊರಗೆ ಕಾಣುವುದೇ ಇಲ್ಲ. ತೂತಿನ ಕಾಯಿ ಕಂಡಾಗ ಮುಂದಿನ ಪೀಳಿಗೆ ಆಗಲೇ ನಿಮ್ಮ ಗಿಡದ ಬುಡದಲ್ಲಿ ಗೂಡು ಕಟ್ಟಿರುತ್ತದೆ. ಕಾಯಿ ಕೀಳುವುದರ ಜೊತೆಗೆ ಬುಡದ ಒಣ ಎಲೆ ಗುಡಿಸಿ ತೆಗೆಯಿರಿ, ಹೊದಿಕೆಯನ್ನು ಬದಲಾಯಿಸಿ, ಮೇಲ್ಮಣ್ಣು ಕೆದಕಿ ಬಿಸಿಲಿಗೆ ಬಿಡಿ.

ಕಾಯಿಯ ಮೇಲೆ ಕಂದು ಕಲೆ, ಕಲೆ ಒಳಕ್ಕೆ ಕುಸಿದು, ಅದರ ಮೇಲೆ ಬಳೆ ಬಳೆಯಾಗಿ ಕಪ್ಪು ಚುಕ್ಕೆಗಳಿದ್ದರೆ ಫೋಮಾಪ್ಸಿಸ್ ಕೊಳೆ ರೋಗ. ಮಳೆಗಾಲದಲ್ಲಿ ಬರುತ್ತದೆ, ಹನಿ ಸಿಡಿದು ಹರಡುತ್ತದೆ, ಬೀಜದೊಳಗೂ ಕೂತಿರುತ್ತದೆ. ಕೊಳೆತ ಕಾಯಿ ತೆಗೆದುಹಾಕಿ, ಬುಡದ ಕಡೆಯ ನಾಲ್ಕಾರು ಎಲೆ ಸವರಿ ಗಾಳಿಯಾಡುವಂತೆ ಮಾಡಿ. ಆ ಗಿಡದ ಬೀಜ ಮಾತ್ರ ಎತ್ತಿಡಬೇಡಿ.

ಕಾಯಿ ಕಹಿ, ಬೀಜ ತುಂಬಿದೆ, ಸಿಪ್ಪೆ ಮಂಕಾಗಿದೆ ಅಂದರೆ ಕೊಯ್ಲು ತಡವಾಗಿದೆ. ಸಿಪ್ಪೆ ಹೊಳೆಯುತ್ತಿರುವಾಗಲೇ ಕೀಳಬೇಕು. ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದ ಗುರುತು ಕೂಡಲೇ ಮೇಲೆದ್ದರೆ ಹದ, ಗುಳಿ ಹಾಗೇ ಉಳಿದರೆ ಬಲಿತಿದೆ. ಒಣಗಿಸಿ ಒಮ್ಮೆಲೇ ನೀರು ಸುರಿದರೆ ಕಾಯಿ ಬಿರಿಯುತ್ತದೆ. ಬಿಸಿಲಿನ ಕಡೆಯ ಕೆನ್ನೆ ಮಾತ್ರ ಬಿಳಿಚಿ ಗಟ್ಟಿಯಾಗಿದ್ದರೆ ಬಿಸಿಲು ಸುಟ್ಟಿದೆ. ಎಲೆ ತುಂಬಾ ಸವರಿದ ಗಿಡದಲ್ಲಿ ಹೀಗಾಗುತ್ತದೆ.

ಸಿಂಪಡಿಸಲೇಬೇಕಾದರೆ

ಬೇವಿನೆಣ್ಣೆ ಕೆಟ್ಟದ್ದಲ್ಲ. ಅದರ ಜಾಗ ಯಾವುದು ಅಂತ ಗೊತ್ತಿರಬೇಕು. ಹೇನು, ಜಿಗಿಹುಳು, ಬಿಳಿ ನೊಣ, ಎಳೆ ಹಿಟ್ಟು ತಿಗಣೆಗೆ ಅದು ಒಳ್ಳೆಯದು. ಲೀಟರ್ ನೀರಿಗೆ ಮೂರರಿಂದ ಐದು ಎಂ.ಎಲ್. ಎಣ್ಣೆ, ಬೆರೆಯಲು ಸ್ವಲ್ಪ ಸೋಪು ದ್ರವ. ಮೊದಲು ಎಣ್ಣೆಯನ್ನೂ ಸೋಪನ್ನೂ ಚೆನ್ನಾಗಿ ಕಲಸಿ, ಆಮೇಲೆ ನೀರು ಸೇರಿಸಿ. ಸಂಜೆ ಹೊತ್ತು, ಎಲೆಯ ಅಡಿಗೆ ತಾಗುವಂತೆ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊದಲ ಸಲ ಒಂದೇ ಕೊಂಬೆಗೆ ಹೊಡೆದು ಒಂದು ದಿನ ಕಾಯಿರಿ. ಬಿಳಿ ನೊಣ, ಜಿಗಿಹುಳುವಿಗೆ ಹಳದಿ ಅಂಟು ಹಾಳೆ ತೂಗುಹಾಕಿದರೆ ಕಾಟ ಎಷ್ಟಿದೆ ಅನ್ನುವುದೂ ಗೊತ್ತಾಗುತ್ತೆ.

ರಾಸಾಯನಿಕ ಕೀಟನಾಶಕದ ಬಗ್ಗೆ ನನ್ನ ನಿಲುವು ಗಟ್ಟಿ. ಮನೆಯ ಬದನೆಗೆ ಅದು ಬೇಡ. ಬದನೆಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಕೀಳುತ್ತೇವೆ. ಬಾಟಲಿಯ ಮೇಲೆ ಬರೆದಿರುವಷ್ಟು ದಿನ ಕಾಯದೆ ಕಿತ್ತರೆ ಆ ವಿಷ ನೇರ ವಾಂಗಿಬಾತಿಗೆ ಬರುತ್ತದೆ. ಪರಾಗ ಉದುರಿಸುವ ಕಪ್ಪು ದುಂಬಿಯೂ ಸಾಯುತ್ತದೆ.

ಹಳೆ ಗಿಡ, ಹೊಸ ಸಸಿ

ಆರೇಳು ತಿಂಗಳು ಕಾಯಿ ಬಿಟ್ಟು ಸೊರಗಿದ ಗಿಡವನ್ನು ಕೀಳುವ ಮೊದಲು ಒಂದು ಅವಕಾಶ ಕೊಡಬಹುದು. ಬೇರು, ಕಾಂಡ ಆರೋಗ್ಯವಾಗಿದ್ದರೆ ನೆಲದಿಂದ ಒಂದಡಿ ಬಿಟ್ಟು ಸವರಿ, ಗೊಬ್ಬರ ಕೊಡಿ. ಹೊಸ ಚಿಗುರು ಬಂದು ಮತ್ತೆ ಕಾಯಿ ಹಿಡಿಯುತ್ತದೆ. ಸೊರಗು ರೋಗ, ಸಣ್ಣ ಎಲೆ, ಕಾಂಡ ಕೊರಕ ಇದ್ದ ಗಿಡಕ್ಕೆ ಈ ಉಪಚಾರ ಬೇಡ.

ಮನೆಯದೇ ಬೀಜವಾದರೆ ಬಿತ್ತುವ ಮೊದಲು 50 ಡಿಗ್ರಿ ಬಿಸಿ ನೀರಿನಲ್ಲಿ 30 ನಿಮಿಷ ಇಟ್ಟು, ತಣ್ಣೀರಿಗೆ ಹಾಕಿ ನೆರಳಲ್ಲಿ ಆರಿಸಿ. ಬೀಜದ ಜೊತೆ ಬರುವ ಕೊಳೆ ರೋಗ ಇದರಿಂದ ತಗ್ಗುತ್ತದೆ. ಥರ್ಮಾಮೀಟರ್ ಇಲ್ಲದೆ ಇದನ್ನು ಮಾಡಬೇಡಿ, ನೀರು ಸ್ವಲ್ಪ ಜಾಸ್ತಿ ಬಿಸಿಯಾದರೂ ಬೀಜ ಸಾಯುತ್ತದೆ. ಟ್ರೇಯಲ್ಲಿ ಮೊಳೆತ ಸಸಿ ಬುಡದಲ್ಲಿ ನೀರುನೀರಾಗಿ ಮಡಚಿ ಬಿದ್ದರೆ ಸಸಿ ಕೊಳೆ ರೋಗ. ದಟ್ಟವಾಗಿ ಬಿತ್ತಿದ್ದು, ಸಂಜೆ ಹೊತ್ತು ನೀರು ಹಾಕಿದ್ದು ಕಾರಣ. ತೆಳುವಾಗಿ ಬಿತ್ತಿ, ಬೆಳಗ್ಗೆ ಮಾತ್ರ ನೀರು ಚಿಮುಕಿಸಿ.

ನಾಲ್ಕೈದು ವಾರದ ಸಸಿ ನಾಟಿಗೆ ಸರಿ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಎರಡಡಿ ಬಿಡಿ. ಹೋದ ಸಲ ಟೊಮೆಟೊ, ಮೆಣಸಿನಕಾಯಿ ಇದ್ದ ಜಾಗ ಬಿಟ್ಟು, ಹುರುಳಿಕಾಯಿಯೋ ಸೊಪ್ಪೋ ಬೆಳೆದಿದ್ದ ಮಡಿಯಲ್ಲಿ ನೆಡಿ. ಬೇರೆ ಮಡಿ ಇಲ್ಲದವರು, ಕುಂಡದವರು, ಹಳೆ ಮಣ್ಣನ್ನು ಬೇಸಿಗೆಯ ಬಿಸಿಲಲ್ಲಿ ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ನಾಲ್ಕರಿಂದ ಆರು ವಾರ ಕಾಯಿಸಿ. ಆಮೇಲೆ ಬೇವಿನ ಹಿಂಡಿ, ಕಳಿತ ಗೊಬ್ಬರ ಬೆರೆಸಿ ಕುಂಡಕ್ಕೆ ತುಂಬಿ.